ಗಾಡಿಯ ಕೀಗೂ ಒಂದು ಚರಿತ್ರೆ ಇದೆ

ಸಂತೆಯ ದಿನ ಸಾಲಾಗಿ ನಿಲ್ಲಿಸಿದ ಬೈಕುಗಳನ್ನು ನೋಡಿ. ಒಂದೆರಡರಲ್ಲಾದರೂ ಕೀ ನೇತಾಡುತ್ತಿರುತ್ತದೆ. ‘ಐದು ನಿಮಿಷದ ಕೆಲಸ, ಯಾರು ಒಯ್ತಾರೆ’ ಎಂಬ ಧೈರ್ಯ. ನಮ್ಮ ಊರುಗಳಲ್ಲಿ ಬೈಕ್ ಅಂದರೆ ಡೇರಿಗೆ ಹಾಲು, ಹೊಲಕ್ಕೆ ಗೊಬ್ಬರ, ನಡುರಾತ್ರಿ ಆಸ್ಪತ್ರೆಗೆ ದಾರಿ. ಕಂತು ತೀರುವ ಮೊದಲೇ ಅದು ಕಳುವಾದರೆ ಗಾಡಿ ಹೋಗುತ್ತದೆ, ಸಾಲ ಉಳಿಯುತ್ತದೆ. ಅದಕ್ಕೇ ಈ ಸಲ ನಾವು ಕಳ್ಳ ಮತ್ತು ಬೀಗ ಒಬ್ಬರ ಹಿಂದೊಬ್ಬರು ಓಡಿದ ಕತೆ ಹೇಳುತ್ತೇವೆ.

ಮೊದಮೊದಲ ಕಾರುಗಳನ್ನು ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿ ಚಾಲೂ ಮಾಡಬೇಕಿತ್ತು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಬಂತು. ಒಡೆಯನಿಗೆ ಸುಲಭವಾದದ್ದು ಕಳ್ಳನಿಗೂ ಸುಲಭವಾಯಿತು. ಕದ್ದ ಕಾರು ಒಂದು ರಾಜ್ಯದ ಗಡಿ ದಾಟಿದರೆ ಅಲ್ಲಿನ ಪೊಲೀಸರ ಕೈ ಕಟ್ಟಿದಂತಾಗುತ್ತಿತ್ತು. 1919ರಲ್ಲಿ ಅಮೆರಿಕ ಇದಕ್ಕೆಂದೇ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ತಂದಿತು.

ಆಮೇಲೆ ಬಂದದ್ದು ಸ್ಟೀರಿಂಗ್ ಲಾಕ್. ಪಶ್ಚಿಮ ಜರ್ಮನಿ 1961ರಲ್ಲಿ ಇದನ್ನು ಕಡ್ಡಾಯ ಮಾಡಿತು. ಎಂಜಿನ್ ಚಾಲೂ ಆದರೂ ಗಾಡಿ ತಿರುಗುವುದಿಲ್ಲ ಎಂಬುದೇ ಇದರ ಗುಟ್ಟು. ನಮ್ಮ ಬೈಕಿನ ಹ್ಯಾಂಡಲ್ ಲಾಕ್ ಕೂಡ ಇದೇ ಜಾತಿಯದು. ಆದರೆ ಹಾಕಿದರೆ ಮಾತ್ರ ಅದು ಬೀಗ.

ನಂತರ ಇಮೊಬಿಲೈಸರ್ ಬಂತು. ಕೀಯೊಳಗಿನ ಪುಟ್ಟ ಚಿಪ್‌ನ ಗುರುತು ಸಿಗದಿದ್ದರೆ ಎಂಜಿನ್ ಹತ್ತುವುದಿಲ್ಲ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ಅಮೆರಿಕದಲ್ಲಿ ಕಡ್ಡಾಯವಿರಲಿಲ್ಲ. ಅದಿಲ್ಲದ ಕೆಲವು ಹ್ಯುಂಡೈ, ಕಿಯಾ ಕಾರುಗಳನ್ನು ಹುಡುಗರು ಯುಎಸ್‌ಬಿ ತಂತಿಯ ತುದಿಯಿಂದಲೇ ಚಾಲೂ ಮಾಡುವ ವಿಡಿಯೊಗಳು 2022ರಲ್ಲಿ ಹರಿದಾಡಿ ಕಳ್ಳತನ ಏರಿತು.

ನಮ್ಮಲ್ಲಿ 2019ರ ಏಪ್ರಿಲ್ 1ರಿಂದ ಹೊಸ ವಾಹನಗಳು ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟಿನೊಂದಿಗೇ ಬರುತ್ತಿವೆ. ಹಳೆಯವಕ್ಕೂ ಹಾಕಿಸಬೇಕೆಂದು ಕರ್ನಾಟಕ 2023ರಲ್ಲಿ ಆದೇಶಿಸಿತು. ಇದು ದಂಡ ಹಾಕಲು ನೆಪ ಎಂದು ಗೊಣಗುವವರಿದ್ದಾರೆ. ಆದರೆ ಒಮ್ಮೆ ಬಿಚ್ಚಿದರೆ ಇದರ ಲಾಕ್ ಮತ್ತೆ ಕೂರುವುದಿಲ್ಲ. ಕದ್ದ ಗಾಡಿಗೆ ಬೇರೆ ನಂಬರ್ ಹಾಕಿ ಓಡಿಸುವುದು ಕಷ್ಟವಾಗಲಿ ಎಂಬುದೇ ಉದ್ದೇಶ.

ರೈತರು ನೆನಪಿಡಬೇಕಾದ ಒಂದು ತೀರ್ಪೂ ಇದೆ. 2010ರಲ್ಲಿ ಪಂಜಾಬಿನ ರೈತರೊಬ್ಬರ ಟ್ರ್ಯಾಕ್ಟರ್ ಕಳುವಾಯಿತು. ಅವರು ಅದೇ ದಿನ ಎಫ್‌ಐಆರ್ ಮಾಡಿಸಿದರು, ವಿಮಾ ಕಂಪನಿಗೆ ಮಾತ್ರ 52 ದಿನ ತಡವಾಗಿ ತಿಳಿಸಿದರು. ಕಂಪನಿ ಹಣ ಕೊಡಲೊಪ್ಪಲಿಲ್ಲ. ತಕ್ಷಣ ಪೊಲೀಸರಿಗೆ ದೂರು ಕೊಟ್ಟಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ತಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಹತ್ತು ವರ್ಷದ ಆ ಹೋರಾಟದಲ್ಲಿ ರೈತನನ್ನು ಕಾಪಾಡಿದ್ದು ಮೊದಲ ದಿನದ ದೂರು.

ಇಷ್ಟರಿಂದ ನಾವು ಕಲಿಯಬೇಕಾದದ್ದು ಸರಳ. ಒಂದೇ ನಿಮಿಷ ಇಳಿದರೂ ಎಂಜಿನ್ ಆರಿಸಿ ಕೀ ಜೇಬಿಗೆ ಹಾಕಿ. ಹ್ಯಾಂಡಲ್ ಲಾಕ್ ಜೊತೆಗೆ ಚಕ್ರಕ್ಕೊಂದು ಸರಪಳಿ ಇರಲಿ. ಜನ ಓಡಾಡುವ, ಬೆಳಕಿರುವ ಕಡೆ ನಿಲ್ಲಿಸಿ. ಹಳೆಯ ಟ್ರ್ಯಾಕ್ಟರಿಗೆ ಬೇರೆಯವರ ಕೀಯೂ ಕೂರಬಹುದು, ಆದ್ದರಿಂದ ಬ್ಯಾಟರಿಗೆ ಕಟ್‌ಆಫ್ ಸ್ವಿಚ್ ಹಾಕಿಸಿ. ರಾತ್ರಿ ನಿರ್ಜನ ದಾರಿಯಲ್ಲಿ ಯಾರಾದರೂ ‘ಟೈರ್ ಪಂಕ್ಚರ್’ ಎಂದು ಕೂಗಿದರೆ ಅಲ್ಲೇ ಇಳಿಯಬೇಡಿ, ನಿಧಾನಕ್ಕೆ ಜನರಿರುವ ಕಡೆ ಬಂದು ನೋಡಿ. ಆರ್‌ಸಿಯ ಅಸಲು ಪ್ರತಿ ಮನೆಯಲ್ಲಿರಲಿ, ಫೋಟೊ ಫೋನಿನಲ್ಲಿರಲಿ. ಎರಡನೇ ಕೀ ಜೋಪಾನ, ಕ್ಲೇಮ್ ಮಾಡುವಾಗ ಎರಡನ್ನೂ ಕೇಳುತ್ತಾರೆ. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಕಳ್ಳತನಕ್ಕೆ ಒಂದು ಪೈಸೆಯೂ ಸಿಗುವುದಿಲ್ಲ, ನಿಮ್ಮ ಪಾಲಿಸಿಯನ್ನು ಇಂದೇ ತೆಗೆದು ನೋಡಿ.

ಅಷ್ಟಾಗಿಯೂ ಗಾಡಿ ಹೋದರೆ ‘ನಾಳೆ ಹುಡುಕೋಣ’ ಅನ್ನಬೇಡಿ. 112ಕ್ಕೆ ಕರೆ ಮಾಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಂತೆ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು, ಕೇಳಿ ಪಡೆಯಿರಿ.