ಹೊಸ ಒಡಂಬಡಿಕೆ ಯಾರೊಂದಿಗೆ?

ಒಡಂಬಡಿಕೆ ಎಂದರೆ ಇಬ್ಬರ ನಡುವಿನ ಮಾತು. ಒಬ್ಬರೇ ಕೂತು ಒಡಂಬಡಲು ಬರುವುದಿಲ್ಲ. ಕನ್ನಡ ಬೈಬಲಿನ ಎರಡನೆಯ ಭಾಗಕ್ಕೆ ‘ಹೊಸ ಒಡಂಬಡಿಕೆ’ ಎಂಬ ಹೆಸರಿದೆ. ಅದು ಯಾರ ಯಾರ ನಡುವೆ ಆದದ್ದು ಎಂದು ಕೇಳಿದರೆ ದೇವರಿಗೂ ಕ್ರೈಸ್ತರಿಗೂ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಆದರೆ ಆ ಮಾತು ಮೊದಲು ಬರುವುದು ಹಳೆಯ ಒಡಂಬಡಿಕೆಯಲ್ಲೇ, ಪ್ರವಾದಿ ಯೆರೆಮೀಯನ ಗ್ರಂಥದ 31ನೇ ಅಧ್ಯಾಯದಲ್ಲಿ. ಇಡೀ ಹೀಬ್ರೂ ಬೈಬಲಿನಲ್ಲಿ ಈ ನುಡಿಗಟ್ಟು ಇರುವುದು ಅಲ್ಲಿ ಮಾತ್ರ. ಅಲ್ಲಿ ದೇವರು ಮಾತು ಕೊಡುವುದು ಇಸ್ರಾಯೇಲ್ ವಂಶಕ್ಕೆ ಮತ್ತು ಯೆಹೂದ ವಂಶಕ್ಕೆ. ಬೇರೆ ಯಾರ ಹೆಸರೂ ಇಲ್ಲ.

ಯೆರೆಮೀಯನ ಕಾಲಕ್ಕೆ ಉತ್ತರದ ಇಸ್ರಾಯೇಲ್ ರಾಜ್ಯ ಅಸ್ಸೀರಿಯರ ಕೈಯಲ್ಲಿ ಅಳಿದು ಶತಮಾನವೇ ಕಳೆದಿತ್ತು. ದಕ್ಷಿಣದ ಜೆರುಸಲೇಮನ್ನು ಬಾಬಿಲೋನಿನವರು ಕೆಡವಿದ್ದು ಕ್ರಿ.ಪೂ. 587ರ ಸುಮಾರಿಗೆ. ಎಲ್ಲ ಮುರಿದುಬಿದ್ದ ಆ ಹೊತ್ತಿನಲ್ಲಿ, ಮುರಿದ ಎರಡೂ ಮನೆಗಳನ್ನು ಮತ್ತೆ ಕೂಡಿಸುವ ಭರವಸೆಯಾಗಿ ಈ ಮಾತು ಬರುತ್ತದೆ. ಹೊಸತನ ಯಾವುದರಲ್ಲಿ ಎಂಬುದನ್ನು ಗಮನಿಸಬೇಕು. ಧರ್ಮಶಾಸ್ತ್ರ, ಅಂದರೆ ತೋರಾ, ಬದಲಾಗುತ್ತದೆ ಎಂದು ಪ್ರವಾದಿ ಹೇಳುವುದಿಲ್ಲ; ಅದು ಹೃದಯದ ಮೇಲೆ ಬರೆಯಲ್ಪಡುತ್ತದೆ ಎನ್ನುತ್ತಾನೆ. ಬರೆಯುವ ಜಾಗ ಬದಲಾಗಿದೆ, ಬರಹವಲ್ಲ. ಯೆಹೂದಿ ಓದುಗರು ಇಂದಿಗೂ ಒತ್ತಿ ಹೇಳುವುದು ಇದನ್ನೇ.

ಈ ಮಾತನ್ನು ತಮ್ಮದೆಂದು ಹೇಳಿಕೊಂಡವರಲ್ಲಿ ಕ್ರೈಸ್ತರು ಮೊದಲಿಗರೂ ಅಲ್ಲ. ಕೈರೋದ ಹಳೆಯ ಸಿನಗಾಗಿನಲ್ಲಿ ಸಿಕ್ಕು 1910ರಲ್ಲಿ ಪ್ರಕಟವಾದ ‘ದಮಸ್ಕದ ದಾಖಲೆ’ ಒಂದು ಯೆಹೂದಿ ಪಂಥದ ಗ್ರಂಥ. ದಮಸ್ಕದ ನಾಡಿನಲ್ಲಿ ಹೊಸ ಒಡಂಬಡಿಕೆಗೆ ಸೇರಿದವರ ಬಗ್ಗೆ ಅದು ಮಾತಾಡುತ್ತದೆ. ಅದರ ಇನ್ನೂ ಹಳೆಯ ತುಣುಕುಗಳು ಮುಂದೆ ಕುಮ್ರಾನಿನ ಗುಹೆಗಳಲ್ಲಿ ದೊರೆತವು. ಅಂದರೆ ಯೇಸುವಿಗಿಂತ ಮುಂಚೆಯೇ ಯೆಹೂದಿಗಳ ಒಳಗೇ ಈ ಭರವಸೆಯ ವಾರಸುದಾರರು ಯಾರು ಎಂಬ ಜಗಳ ಇತ್ತು.

ಕ್ರೈಸ್ತರ ಕಡೆಯಲ್ಲಿ ತಿರುವು ಸಿಗುವುದು ‘ಇಬ್ರಿಯರಿಗೆ ಬರೆದ ಪತ್ರಿಕೆ’ಯಲ್ಲಿ. ಬರೆದವರು ಯಾರೆಂದು ಪತ್ರ ಹೇಳುವುದಿಲ್ಲ. ಎಂಟನೆಯ ಅಧ್ಯಾಯದಲ್ಲಿ ಯೆರೆಮೀಯನ ಆ ಸಾಲುಗಳನ್ನು ಪೂರ್ತಿಯಾಗಿ ಎತ್ತಿಕೊಳ್ಳಲಾಗಿದೆ. ಹೊಸ ಒಡಂಬಡಿಕೆಯ ಪುಸ್ತಕಗಳಲ್ಲಿ ಹಳೆಯದರಿಂದ ತಂದ ಅತಿ ಉದ್ದದ ಉದ್ಧರಣೆ ಅದು. ಆದರೆ ಅಷ್ಟುದ್ದ ಉದ್ಧರಿಸಿದ ಮೇಲೆ ಲೇಖಕ ಹಿಡಿಯುವುದು ‘ಹೊಸ’ ಎಂಬ ಒಂದೇ ಪದವನ್ನು. ಹೊಸದು ಎಂದಾಗಲೇ ಮೊದಲನೆಯದು ಹಳತಾಯಿತು, ಹಳತಾದದ್ದು ಅಳಿಯುವ ಹಂತದಲ್ಲಿದೆ ಎಂಬುದು ಅವನ ತರ್ಕ. ಮುಂದಿನ ಶತಮಾನಗಳು ಬಹುಪಾಲು ನಿಂತಿದ್ದು ಈ ಒಂದು ವಾಕ್ಯದ ಮೇಲೆ. ಇದಕ್ಕೆ ಎದುರಾಗಿ ಪೌಲ ರೋಮಾಪುರದವರಿಗೆ ಬರೆದ ಪತ್ರದ ಒಂಬತ್ತರಿಂದ ಹನ್ನೊಂದನೆಯ ಅಧ್ಯಾಯಗಳಿದ್ದವು. ಅನ್ಯಜನರು ಎಣ್ಣೆಮರಕ್ಕೆ ಕಸಿ ಮಾಡಿದ ಕಾಡುಕೊಂಬೆಗಳು, ಬೇರು ಇಸ್ರಾಯೇಲಿನದು, ದೇವರ ಕರೆ ಹಿಂತೆಗೆಯುವಂಥದ್ದಲ್ಲ ಎಂಬ ವಾದ ಅಲ್ಲಿದೆ. ಅದು ಬಹುಕಾಲ ಮೂಲೆಯಲ್ಲಿ ಕೂತಿತು.

ಎರಡನೆಯ ಶತಮಾನದ ಮಧ್ಯದಲ್ಲಿ ಜಸ್ಟಿನ್ ಎಂಬ ತತ್ತ್ವಶಾಸ್ತ್ರಿ ಟ್ರೈಫೋ ಎಂಬ ಯೆಹೂದಿಯೊಂದಿಗಿನ ಸಂವಾದವಾಗಿ ಒಂದು ಪುಸ್ತಕ ಬರೆದ. ಕ್ರಿ.ಶ. 135ರಲ್ಲಿ ಬಾರ್ ಕೊಖ್ಬಾ ದಂಗೆಯನ್ನು ರೋಮನ್ನರು ಅಡಗಿಸಿ ಯೆಹೂದಿಗಳಿಗೆ ಜೆರುಸಲೇಮಿನ ಬಾಗಿಲು ಮುಚ್ಚಿದ ಮೇಲಿನ ಮಾತಿದು. ನಂತರದ ಕಾನೂನು ಹಿಂದಿನದನ್ನು ರದ್ದು ಮಾಡುತ್ತದೆ ಎಂದು ಜಸ್ಟಿನ್ ವಕೀಲನಂತೆ ವಾದಿಸುತ್ತಾನೆ. ಹಾಗಾದರೆ ಇಸ್ರಾಯೇಲ್ ಎಂದರೆ ನೀವೇ ಏನು ಎಂದು ಟ್ರೈಫೋ ಕೇಳುತ್ತಾನೆ. ಹೌದು ಎಂಬುದೇ ಉತ್ತರ. ಸುನ್ನತಿ ಯೆಹೂದಿಗಳಿಗೆ ಕೊಟ್ಟದ್ದೇ ಶಿಕ್ಷೆಯ ಹೊತ್ತಿನಲ್ಲಿ ಅವರನ್ನು ಗುರುತು ಹಿಡಿಯಲೆಂದು, ಎಂಬಲ್ಲಿಗೂ ಅವನು ಹೋಗುತ್ತಾನೆ. ಈ ಭಾಗ ಓದಲು ಕಷ್ಟ. ಒಂದು ಮಾತನ್ನು ಅವನ ಪರವಾಗಿ ಹೇಳಬೇಕು: ಅದೇ ಕಾಲದಲ್ಲಿ ಮಾರ್ಸಿಯನ್ ಎಂಬವನು ಹೀಬ್ರೂ ಗ್ರಂಥಗಳನ್ನೇ ಎಸೆಯಬೇಕೆಂದು ಹೊರಟಿದ್ದ. ಜಸ್ಟಿನ್ ಗ್ರಂಥಗಳನ್ನು ಉಳಿಸಿಕೊಂಡ. ಆದರೆ ಅವುಗಳ ಒಡೆಯರನ್ನು ಹೊರಗೆ ನಿಲ್ಲಿಸಿದ.

ಆಗಸ್ಟೀನ್ ಇದಕ್ಕೆ ಒಂದು ವ್ಯವಸ್ಥೆ ಕೊಟ್ಟ. ಯೆಹೂದಿಗಳು ನಮ್ಮ ಗ್ರಂಥಗಳನ್ನು ಹೊತ್ತು ತಿರುಗುವ ಸಾಕ್ಷಿಗಳು, ಆದ್ದರಿಂದ ಅವರನ್ನು ಕೊಲ್ಲಬಾರದು, ಎಂದ. ಈ ರಕ್ಷಣೆ ಎಷ್ಟು ತೆಳುವಾಗಿತ್ತೆಂಬುದು 1096ರಲ್ಲಿ ಮೊದಲ ಕ್ರುಸೇಡಿಗೆ ಹೊರಟವರು ರೈನ್ ನದಿಯ ದಂಡೆಯ ವರ್ಮ್ಸ್ ಮತ್ತು ಮೈನ್ಸ್ ಪಟ್ಟಣಗಳಲ್ಲಿ ಯೆಹೂದಿಗಳ ಹತ್ಯಾಕಾಂಡ ನಡೆಸಿದಾಗ ತಿಳಿಯಿತು. ಮೈನ್ಸಿನ ಹೆಸರು ಮತ್ತೆ ಬರುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಪ್ರಾಟೆಸ್ಟಂಟ್ ಬೋಧಕ ಯೆರೆಮೀಯನ ವಿಳಾಸವನ್ನು ಅಕ್ಷರಶಃ ಹಿಡಿದ: ಹೊಸ ಒಡಂಬಡಿಕೆ ಇಸ್ರಾಯೇಲಿನದೇ, ಸಭೆಗೆ ಸಿಗುವುದು ಅದರ ಪ್ರಯೋಜನ ಮಾತ್ರ. ಆದರೆ ಕಡೆಯ ಭೋಜನದಲ್ಲಿ ಯೇಸು ಪಾತ್ರೆ ಹಿಡಿದು ಹೊಸ ಒಡಂಬಡಿಕೆ ಎಂದನಲ್ಲ? ಅದೇ ಪರಂಪರೆಯ ಅಮೆರಿಕದ ಲೂಯಿಸ್ ಸ್ಪೆರಿ ಚೇಫರ್ ಇದಕ್ಕೆ ಕೊಟ್ಟ ಪರಿಹಾರ ವಿಚಿತ್ರವಾದದ್ದು. ಹೊಸ ಒಡಂಬಡಿಕೆಗಳೇ ಎರಡು, ಇಸ್ರಾಯೇಲಿಗೊಂದು, ಸಭೆಗೊಂದು, ಎಂದುಬಿಟ್ಟ. ಶಿಷ್ಯಪರಂಪರೆಯವರೇ ಆಮೇಲೆ ಇದನ್ನು ಕೈಬಿಟ್ಟರು. ಇಸ್ರಾಯೇಲಿಗೆ ಜಾಗ ಕೊಟ್ಟ ಈ ಪಂಥವೂ ಯೆಹೂದಿಗಳು ಕೊನೆಗೆ ಯೇಸುವನ್ನು ಒಪ್ಪುತ್ತಾರೆಂದೇ ಕಾಯುತ್ತಿತ್ತು ಎಂಬುದನ್ನು ಮರೆಯಬಾರದು.

ನಿಜವಾದ ಮರುವಿಚಾರ ಆದದ್ದು ಹತ್ಯಾಕಾಂಡದ ನಂತರ. ಫ್ರಾನ್ಸಿನ ಇತಿಹಾಸಕಾರ ಜೂಲ್ ಐಸಾಕ್ ಶಾಲಾ ಪಠ್ಯಗಳಿಂದ ಮನೆಮಾತಾಗಿದ್ದವರು. ನಾಜಿಗಳು ಅವರ ಹೆಂಡತಿ, ಮಗಳನ್ನು ಕೊಂದರು. ಅವರು ಬರೆದ ‘ಯೇಸು ಮತ್ತು ಇಸ್ರೇಲ್’ 1948ರಲ್ಲಿ ಬಂತು. ಯೆಹೂದಿಗಳ ಬಗ್ಗೆ ಚರ್ಚು ಕಲಿಸುತ್ತ ಬಂದ ತಿರಸ್ಕಾರವನ್ನು 1960ರ ಜೂನ್ 13ರಂದು ಅವರು ಪೋಪ್ ಇಪ್ಪತ್ತಮೂರನೆಯ ಜಾನ್ ಎದುರು ಕೂತು ವಿವರಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ‘ನೊಸ್ತ್ರಾ ಎತಾತೆ’ ಘೋಷಣೆ ಪೌಲನ ಎಣ್ಣೆಮರವನ್ನು ಮೂಲೆಯಿಂದ ಎತ್ತಿ ಮುಂದಿಟ್ಟಿತು. ಅದರ ನಾಲ್ಕನೆಯ ಭಾಗ ಯಾವ ಸಭಾಪಿತನನ್ನೂ, ಹಿಂದಿನ ಯಾವ ಮಹಾಸಭೆಯನ್ನೂ ಆಧಾರವಾಗಿ ಕೊಡುವುದಿಲ್ಲ. ಕೊಡಲು ಅನುಕೂಲಕರವಾದದ್ದು ಹೆಚ್ಚು ಇರಲೂ ಇಲ್ಲ. ಅದನ್ನು ರೂಪಿಸಿದವರಲ್ಲಿ ಯೆಹೂದಿ ಮನೆತನದಲ್ಲಿ ಹುಟ್ಟಿ ಕ್ರೈಸ್ತರಾದ ಯೋಹಾನೆಸ್ ಓಸ್ಟರ್‌ರೈಖರ್ ಅಂಥವರಿದ್ದರು ಎಂಬುದು ನನಗೆ ಮುಖ್ಯವೆನಿಸುತ್ತದೆ. ಅವರಿಗೆ ಇದು ಮನೆಯವರ ಮಾತಾಗಿತ್ತು.

1980ರ ನವೆಂಬರ್ 17ರಂದು ಎರಡನೆಯ ಜಾನ್ ಪಾಲ್ ಯೆಹೂದಿ ಪ್ರತಿನಿಧಿಗಳನ್ನು ಭೇಟಿಯಾಗಿ, ದೇವರು ಹಳೆಯ ಒಡಂಬಡಿಕೆಯನ್ನು ಎಂದೂ ರದ್ದು ಮಾಡಿಲ್ಲ ಎಂಬರ್ಥದ ಮಾತಾಡಿದರು. ಊರು ಮೈನ್ಸ್.

ಹಾಗೆಂದು ಜಗಳ ಮುಗಿಯಲಿಲ್ಲ. ರದ್ದಾಗಿಲ್ಲ ಎಂದಾದರೆ ಯೆಹೂದಿಗಳಿಗೆ ಸುವಾರ್ತೆ ಸಾರುವ ಅಗತ್ಯವಿದೆಯೇ? 2002ರಲ್ಲಿ ಅಮೆರಿಕದಲ್ಲಿ ಕ್ಯಾಥೋಲಿಕ್ ವಿದ್ವಾಂಸರು ಯೆಹೂದಿಗಳೊಡನೆ ಸೇರಿ ಹೊರತಂದ ಬರಹವೊಂದು ಅವರನ್ನು ಮತಾಂತರಿಸಲು ಗುರಿಯಿಡುವುದು ಇನ್ನು ಒಪ್ಪತಕ್ಕದ್ದಲ್ಲ ಎಂದಿತು. ಕಾರ್ಡಿನಲ್ ಏವರಿ ಡಲಸ್ ಕೂಡಲೇ ವಿರೋಧಿಸಿದರು. ಅವರ ಕೈಯಲ್ಲಿದ್ದ ಆಯುಧ ಇಬ್ರಿಯರಿಗೆ ಬರೆದ ಪತ್ರಿಕೆ. 2009ರಲ್ಲಿ ಅಲ್ಲಿನ ಬಿಷಪರ ಮಂಡಳಿಯೂ ಆ ಬರಹದಲ್ಲಿ ಅಸ್ಪಷ್ಟತೆಗಳಿವೆ ಎಂದು ಟಿಪ್ಪಣಿ ಹೊರಡಿಸಿತು. ಪಕ್ಷಪಾತವಿಲ್ಲದೆ ಹೇಳುವುದಾದರೆ ಡಲಸ್ ಎತ್ತಿದ್ದು ಸುಳ್ಳು ಪ್ರಶ್ನೆಯಲ್ಲ. ಆ ವಾಕ್ಯ ಗ್ರಂಥದಲ್ಲಿದೆ. ಅದನ್ನು ಓದದೆ ದಾಟಿದರೆ ಇಲ್ಲವಾಗುವುದಿಲ್ಲ.

ಘೋಷಣೆಗೆ ಐವತ್ತು ವರ್ಷ ತುಂಬಿದಾಗ, 2015ರ ಡಿಸೆಂಬರಿನಲ್ಲಿ, ವ್ಯಾಟಿಕನ್ನಿನ ಆಯೋಗ ಇನ್ನೊಂದು ದಸ್ತಾವೇಜು ತಂದಿತು. ಚರ್ಚು ಯೆಹೂದಿಗಳಿಗಾಗಿಯೇ ಸಾಂಸ್ಥಿಕ ಮಿಷನ್ ನಡೆಸುವುದಿಲ್ಲ ಎಂದು ಅದು ಹೇಳಿತು. ಎಲ್ಲರ ರಕ್ಷಣೆಯೂ ಕ್ರಿಸ್ತನಿಂದಲೇ ಎಂದೂ ಹೇಳಿತು. ಎರಡೂ ಒಟ್ಟಿಗೆ ಹೇಗೆ ನಿಲ್ಲುತ್ತವೆ ಎಂಬುದು ದೇವರ ರಹಸ್ಯ ಎಂದು ಬಿಟ್ಟಿತು. ಆ ಹಳೆಯ ಪತ್ರಿಕೆಯ ಬಗ್ಗೆ ಅದು ಕೊಟ್ಟ ವಿವರಣೆ ಮಾತ್ರ ನನಗೆ ಕುತೂಹಲಕರವಾಗಿ ಕಂಡಿತು: ಆ ಪತ್ರ ಬರೆದದ್ದು ಯೆಹೂದಿಗಳಿಗೆ ಅಲ್ಲ, ದಣಿದು ಅಳುಕುತ್ತಿದ್ದ ಯೆಹೂದಿ ಮೂಲದ ಕ್ರೈಸ್ತರಿಗೆ.