ಹಳೆಯ ಯೆಜ್ಡಿ, ಹೊಸ ಜಾವಾ: ಹೆಸರು ಹಳೆಯದು, ಯಂತ್ರ ಬೇರೆ

ಹೊನ್ನಾಳಿ: ಶಿವಮೊಗ್ಗದಿಂದ ಹೊನ್ನಾಳಿ ಮಾರ್ಗವಾಗಿ ಹರಿಹರಕ್ಕೆ ಸಾಗುವ ತುಂಗಭದ್ರಾ ದಂಡೆಯ ರಸ್ತೆಯಲ್ಲಿ ಒಂದು ಕಾಲಕ್ಕೆ ಯೆಜ್ಡಿಯ ಸದ್ದು ಚಿರಪರಿಚಿತವಾಗಿತ್ತು. ಅಂತಹ ಬೈಕೊಂದು ಇಂದಿಗೂ ಮನೆಯ ಮೂಲೆಯಲ್ಲಿ ನಿಂತಿರುವ ಕುಟುಂಬಗಳು ರಾಜ್ಯದಲ್ಲಿ ಕಡಿಮೆಯೇನಿಲ್ಲ. ಅದನ್ನು ದುರಸ್ತಿ ಮಾಡಿಸಿ ಉಳಿಸಿಕೊಳ್ಳಬೇಕೇ ಅಥವಾ ಅದೇ ಹೆಸರಿನ ಹೊಸ ಬೈಕನ್ನು ಕೊಳ್ಳಬೇಕೇ ಎಂಬ ಪ್ರಶ್ನೆಗೆ ಉತ್ತರಿಸಬೇಕಾದರೆ ಎರಡರ ವ್ಯತ್ಯಾಸವನ್ನು ಅರಿಯುವುದು ಅಗತ್ಯ.

ಮೈಸೂರಿನ ಕೊಡುಗೆ

ಜೆಕ್ ಮೂಲದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಉತ್ಪಾದನೆ ಪ್ರಾರಂಭಿಸಿತು. ಇರಾನಿ ಕುಟುಂಬ ಇದರ ಸಾರಥ್ಯ ವಹಿಸಿತ್ತು. 1973ರಿಂದ ಇಲ್ಲಿನ ಬೈಕುಗಳು ಯೆಜ್ಡಿ ಎಂಬ ಹೆಸರು ಪಡೆದವು. 1978ರಲ್ಲಿ ಬಂದ ರೋಡ್‌ಕಿಂಗ್ ಅತ್ಯಂತ ಜನಪ್ರಿಯವಾಯಿತು. ಇಂಧನ ಉಳಿಸುವ ಜಪಾನಿ ತಂತ್ರಜ್ಞಾನದ ಬೈಕುಗಳ ಪೈಪೋಟಿ ಹಾಗೂ ಬಿಗಿಯಾಗುತ್ತಿದ್ದ ಮಾಲಿನ್ಯ ನಿಯಮಗಳ ನಡುವೆ 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು.

2018ರ ನವೆಂಬರ್‌ನಲ್ಲಿ ಮಹೀಂದ್ರ ಸಮೂಹದ ಪಾಲುದಾರಿಕೆಯ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನು ಮರಳಿ ತಂದಿತು. ಯೆಜ್ಡಿ ಮರಳಿದ್ದು 2022ರ ಜನವರಿಯಲ್ಲಿ. ಆದರೆ ಇವು ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಯೆಜ್ಡಿ ಹೆಸರಿನ ಹಕ್ಕಿನ ವಿವಾದ ಕರ್ನಾಟಕ ಹೈಕೋರ್ಟ್ ಮೆಟ್ಟಿಲನ್ನೂ ಏರಿತ್ತು.

ಎಂಜಿನ್‌ನಲ್ಲೇ ವ್ಯತ್ಯಾಸ

ಹಳೆಯದು ಸುಮಾರು 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲ್‌ಗೆ ಆಯಿಲ್ ಬೆರೆಸಿಯೇ ಹಾಕಬೇಕು. ಆ ಆಯಿಲ್ ಕೂಡ ಉರಿಯುವುದರಿಂದ ಹೊಗೆ ಹೆಚ್ಚು. ರೋಡ್‌ಕಿಂಗ್‌ನ ಶಕ್ತಿ ಸುಮಾರು 16 ಅಶ್ವಶಕ್ತಿ, ಗೇರ್ ನಾಲ್ಕು. ಕಿಕ್ ಹೊಡೆಯುವ ಸನ್ನೆಯೇ ಗೇರ್ ಬದಲಿಸುವ ಸನ್ನೆಯೂ ಆಗಿರುವುದು ಇದರ ವೈಶಿಷ್ಟ್ಯ. ಎರಡೂ ಚಕ್ರಗಳಿಗೆ ಡ್ರಮ್ ಬ್ರೇಕ್.

2018ರ ಜಾವಾದ್ದು 293 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್. ಸುಮಾರು 27 ಅಶ್ವಶಕ್ತಿ, ಆರು ಗೇರ್, ದ್ರವದಿಂದ ತಂಪಾಗುವ ವ್ಯವಸ್ಥೆ, ಕಾರ್ಬುರೇಟರ್ ಬದಲು ಇಂಧನ ಚಿಮ್ಮಿಸುವ ಉಪಕರಣ. ಡಿಸ್ಕ್ ಬ್ರೇಕ್ ಜೊತೆಗೆ, ಹಠಾತ್ತನೆ ಬ್ರೇಕ್ ಹಾಕಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ ಇದೆ. ಇಬ್ಬದಿಯ ಸೈಲೆನ್ಸರ್ ಹಾಗೂ ಟ್ಯಾಂಕಿನ ಆಕಾರ ಮಾತ್ರ ಹಳೆಯದನ್ನು ನೆನಪಿಸುತ್ತವೆ. ವೇಗ, ಸುರಕ್ಷತೆ, ಸ್ವಚ್ಛತೆ ಮೂರರಲ್ಲೂ ಹೊಸದೇ ಮೇಲು.

ಹಳೆಯದರ ಬಲ ಅದರ ಸರಳತೆಯಲ್ಲಿದೆ. ಪಾಯಿಂಟ್, ಪ್ಲಗ್, ಕಾರ್ಬುರೇಟರ್ ಅರಿತ ಮೆಕ್ಯಾನಿಕ್ ಇದ್ದರೆ ರಸ್ತೆ ಬದಿಯಲ್ಲೇ ಸರಿಪಡಿಸಬಹುದು. ಹೊಸದರ ದೋಷ ಪತ್ತೆಗೆ ಹಲವು ವೇಳೆ ಕಂಪನಿಯ ಸರ್ವೀಸ್ ಕೇಂದ್ರವೇ ಬೇಕು. ಆದರೆ ಹಳೆಯದನ್ನು ಬಲ್ಲ ಮೆಕ್ಯಾನಿಕ್‌ಗಳು ವಿರಳವಾಗುತ್ತಿದ್ದಾರೆ ಎಂಬುದನ್ನೂ ಮರೆಯುವಂತಿಲ್ಲ.

ಮಾಲೀಕರು ಗಮನಿಸಬೇಕಾದದ್ದು

ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20 ಸಾವಿರ ರೂಪಾಯಿ. ಹೀಗೆ ನೋಂದಣಿಯಾದ ವಾಹನವನ್ನು ಪ್ರದರ್ಶನ, ರ‍್ಯಾಲಿಯಂತಹ ಸಂದರ್ಭಗಳಿಗಷ್ಟೇ ರಸ್ತೆಗಿಳಿಸಬೇಕು, ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ರೋಡ್‌ಕಿಂಗ್‌ಗಳಲ್ಲಿ ಅತಿ ಹಳೆಯವೂ ಈ ಅರ್ಹತೆ ಪಡೆಯುವುದು 2028ಕ್ಕೆ.

ಇನ್ನೊಂದು ಸಮಸ್ಯೆ ಇಂಧನದ್ದು. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಪೈಪು, ವಾಷರ್‌ಗಳನ್ನು ಹಾಳುಮಾಡಬಲ್ಲದು. ಎಥೆನಾಲ್ ತೇವಾಂಶ ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಬೈಕಿನ ಟ್ಯಾಂಕ್ ತುಕ್ಕು ಹಿಡಿಯುವ ಅಪಾಯವೂ ಇದೆ. ಹೀಗಾಗಿ ಬಳಸದೆ ಇಡುವುದಾದರೆ ಟ್ಯಾಂಕ್ ಖಾಲಿ ಮಾಡುವುದು ಲೇಸು.

ನಿತ್ಯ ಊರಿಂದೂರಿಗೆ ಓಡಾಡುವವರಿಗೆ ಹೊಸದೇ ಸೂಕ್ತ. ಆದರೆ ಹಳೆಯದನ್ನು ಗುಜರಿಗೆ ಹಾಕುವ ಮುನ್ನ ಯೋಚಿಸುವುದು ಒಳಿತು. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನದಂದು ಅಭಿಮಾನಿಗಳು ಸಾಲಾಗಿ ಹೊರಡಿಸುವ ಬೈಕುಗಳಲ್ಲಿ ಬಹುಪಾಲು ಮೈಸೂರಿನಲ್ಲಿ ತಯಾರಾದವು. ಕಾರ್ಖಾನೆ ಇಲ್ಲವಾದ ಮೇಲೆ ಅಂತಹ ಇನ್ನೊಂದು ಬೈಕು ಹುಟ್ಟುವುದಿಲ್ಲ. ಇರುವುದನ್ನು ಉಳಿಸಿಕೊಂಡರಷ್ಟೇ ಉಂಟು.