ಡಿಸ್ಕ್ ಪೆಟ್ಟಿಗೆಯೊಳಗೆ ಸೇರಿದ ಬಗೆ

ಲ್ಯಾಪ್‌ಟಾಪ್ ಕೊಳ್ಳುವಾಗ ಒಳಗಿನ ಎಸ್‌ಎಸ್‌ಡಿಗೇ ಹೆಚ್ಚು ದುಡ್ಡು ಹಾಕಬೇಕೋ, ಸಣ್ಣದರಲ್ಲಿ ಸುಧಾರಿಸಿ ಹೊರಗೊಂದು ಡ್ರೈವ್ ಇಟ್ಟುಕೊಳ್ಳಬೇಕೋ? ಒಳಗಿನದೇ ಅಸಲು, ಹೊರಗಿನದು ಬರೀ ಅನುಕೂಲಕ್ಕೆ ಎಂದು ನಂಬಿದವರೇ ಹೆಚ್ಚು. ಡಿಸ್ಕಿನ ಇತಿಹಾಸ ಹಾಗೆ ಹೇಳುವುದಿಲ್ಲ. 1956ರಲ್ಲಿ ಐಬಿಎಂ ತಂದ ರಾಮ್ಯಾಕ್‌ನ ಡಿಸ್ಕ್ ಘಟಕ 24 ಅಂಗುಲ ಅಗಲದ 50 ತಟ್ಟೆಗಳಿದ್ದ, ಸುಮಾರು ಒಂದು ಟನ್ ತೂಗುತ್ತಿದ್ದ ಬೀರು. ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಅದನ್ನು ಕಳಚುವ ಪ್ರಶ್ನೆಯೇ ಇರಲಿಲ್ಲ. ಆದರೆ 1962ರಲ್ಲಿ ಅದೇ ಕಂಪನಿ 1311 ಎಂಬ ಡ್ರೈವ್ ತಂದಾಗ, ನಾಲ್ಕೂವರೆ ಕಿಲೋ ತೂಕದ ತಟ್ಟೆಗಳ ಕಟ್ಟನ್ನು ಹಿಡಿಕೆ ಹಿಡಿದು ಎತ್ತಿ ಕಪಾಟಿನಲ್ಲಿಟ್ಟು ಇನ್ನೊಂದನ್ನು ಕೂರಿಸಬಹುದಾಯಿತು. ಡ್ರೈವ್ ದುಬಾರಿ, ಕಟ್ಟು ಅಷ್ಟಲ್ಲ. ಒಂದೇ ಯಂತ್ರದಲ್ಲಿ ಒಮ್ಮೆ ಸಂಬಳದ ಲೆಕ್ಕ, ಇನ್ನೊಮ್ಮೆ ದಾಸ್ತಾನಿನ ಲೆಕ್ಕ. ಮುಂದೆ ಹಲವು ವರ್ಷ ಕಚೇರಿಗಳಲ್ಲಿ ಡಿಸ್ಕ್ ಎಂದರೆ ತೆಗೆದಿಡುವ ವಸ್ತುವೇ ಆಗಿತ್ತು.

ಅದು ಒಳಗೆ ಸೇರಿದ್ದು ವೇಗಕ್ಕಾಗಿ ಅಲ್ಲ, ದೂಳಿನ ಭಯಕ್ಕೆ. ಅಕ್ಷರಗಳನ್ನು ಒತ್ತೊತ್ತಾಗಿ ಬರೆಯಬೇಕಾದರೆ ಓದುವ ಹೆಡ್ ತಟ್ಟೆಗೆ ಇನ್ನಷ್ಟು ಹತ್ತಿರ ತೇಲಬೇಕು. ಆ ಸಂದಿಯಲ್ಲಿ ಒಂದು ಕಣ ಸಿಕ್ಕಿದರೂ ತಟ್ಟೆ ಗೀರಿಹೋಗುತ್ತದೆ. ಜೊತೆಗೆ ಒಂದು ಡ್ರೈವ್‌ನಲ್ಲಿ ಬರೆದ ಕಟ್ಟನ್ನು ಇನ್ನೊಂದು ಡ್ರೈವ್ ಓದಬೇಕಾದರೆ ಎರಡರ ಹೆಡ್‌ಗಳೂ ಒಂದೇ ಜಾಡಿಗೆ ಹೊಂದಬೇಕು. 1973ರ ವಿಂಚೆಸ್ಟರ್ ಡ್ರೈವ್ ಈ ಎರಡೂ ತೊಡಕುಗಳನ್ನು ಬಿಡಿಸಿದ್ದು ಹೆಡ್ ಮತ್ತು ತಟ್ಟೆಗಳನ್ನು ಒಂದೇ ಡಬ್ಬಿಯಲ್ಲಿ ಮುಚ್ಚಿ. ತಮಾಷೆಯೆಂದರೆ ಆ ಡಬ್ಬಿಯನ್ನೂ ಡ್ರೈವ್‌ನಿಂದ ಹೊರತೆಗೆಯಬಹುದಿತ್ತು! ಮುಚ್ಚುವುದು ಅನಿವಾರ್ಯವಾಗಿತ್ತು, ಯಂತ್ರಕ್ಕೆ ಕಟ್ಟಿಹಾಕುವುದಲ್ಲ. ಕಟ್ಟಿಹಾಕಿದ್ದು ಮುಂದಿನ ಮಾದರಿಗಳು, ಅಗ್ಗವಾಗುತ್ತದೆಂದು. 1983ರ ಐಬಿಎಂ ಪಿಸಿ ಎಕ್ಸ್‌ಟಿ 10 ಎಂಬಿ ಡಿಸ್ಕನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬಂತು, ಪದ್ಧತಿ ಗಟ್ಟಿಯಾಯಿತು. ಇಂದಿನ ಎಸ್‌ಎಸ್‌ಡಿಯ ಒಳಗಿರುವ, ತೋಶಿಬಾದಲ್ಲಿ ಫುಜಿಯೊ ಮಸುವೊಕ ರೂಪಿಸಿದ ಫ್ಲ್ಯಾಷ್ ಮೆಮೊರಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ತೇಲುವ ಹೆಡ್ಡೂ ಇಲ್ಲ. ಹಳೆಯ ಭಯ ಅಲ್ಲಿಗೆ ಮುಗಿಯಿತು, ಪದ್ಧತಿ ಮಾತ್ರ ಉಳಿಯಿತು. ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ.

ವೇಗದ ಮಾತೇನು ಎಂದು ಕೇಳುವವರಿದ್ದಾರೆ, ಅದು ನ್ಯಾಯವೇ. ಒಳಗಿನ ಎನ್‌ವಿಎಂಇ ಡ್ರೈವ್ ಸೆಕೆಂಡಿಗೆ 3,000 ಎಂಬಿಗೂ ಮಿಕ್ಕಿ ಓದಬಲ್ಲದು. 10 ಗಿಗಾಬಿಟ್‌ನ ಯುಎಸ್‌ಬಿ ಕೇಬಲ್ಲಿನಲ್ಲಿ ಸುಮಾರು 1,000 ದಾಟುವುದು ಕಷ್ಟ. ಆಪರೇಟಿಂಗ್ ಸಿಸ್ಟಮ್ಮಿಗೂ ದಿನನಿತ್ಯ ತೆರೆದಿಡುವ ತಂತ್ರಾಂಶಕ್ಕೂ ಒಳಗೇ ಜಾಗ ಬೇಕು. ಕೆಲಸದ ನಡುವೆ ಸಡಿಲಗೊಳ್ಳುವ ಕೇಬಲ್ಲನ್ನು ಅವು ಸಹಿಸವು. ಆದರೆ ಮದುವೆಯ ವಿಡಿಯೊ, ಹತ್ತು ವರ್ಷದ ಫೋಟೊಗಳಿಗೆ ಆ ವೇಗದಿಂದ ಆಗಬೇಕಾದದ್ದೇನೂ ಇಲ್ಲ. ಹೊರಗಿನದು ಕಳೆದುಹೋದರೆ? ಲ್ಯಾಪ್‌ಟಾಪೂ ಕಳುವಾಗುತ್ತದೆ, ಬೆಸೆದ ಬೋರ್ಡು ಸುಟ್ಟರೆ ಅದರೊಂದಿಗೆ ಕಡತಗಳೂ ಹೋದಂತೆಯೇ. ಎರಡು ಪ್ರತಿ ಎಲ್ಲಿದ್ದರೂ ಬೇಕು. ಅದರಲ್ಲೂ ವರ್ಷಗಟ್ಟಲೆ ಕಪಾಟಿನಲ್ಲೇ ಇರಬೇಕಾದ ಪ್ರತಿಗೆ ಎಸ್‌ಎಸ್‌ಡಿ ನನ್ನ ಆಯ್ಕೆಯಲ್ಲ. ವಿದ್ಯುತ್ ಇಲ್ಲದೆ ಬಿದ್ದಿದ್ದರೆ ಅದರ ಕೋಶಗಳಲ್ಲಿನ ಚಾರ್ಜ್ ಮೆಲ್ಲಗೆ ಸೋರುತ್ತದೆ. ಆ ಕೆಲಸಕ್ಕೆ ಇಂದಿಗೂ ವಿಂಚೆಸ್ಟರ್ ವಂಶದ, ತಟ್ಟೆ ತಿರುಗುವ ಡಿಸ್ಕೇ ಅಗ್ಗ.